ನಲವತ್ತನಾಲ್ಕು ಸಭೆಗಳ ಪ್ರತಿನಿಧಿ

ತಾನು ಕಾರ್ಮಿಕರ ಪ್ರತಿನಿಧಿ ಎಂಬ ಸಂಗತಿ ಬಿಚ್ಚಣ್ಣನಿಗೆ ಗೊತ್ತಾದದ್ದು ಒಂದು ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ. ಆ ಹೊತ್ತಿಗೆ ಅವನು ಆ ಸ್ಥಾನದಲ್ಲಿ ಹನ್ನೊಂದು ವರ್ಷ ಪೂರೈಸಿದ್ದ.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕವನ್ನು ಬಿಟ್ಟು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕೊಡೆ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಅವನ ಕೆಲಸ ಇಷ್ಟೇ: ತಯಾರಾಗಿ ಬಂದ ಪ್ರತಿ ಕೊಡೆಯನ್ನು ಮೂರು ಸಲ ಬಿಚ್ಚಬೇಕು, ಮೂರು ಸಲ ಮಡಚಬೇಕು. ಕಡ್ಡಿ ಸಲೀಸಾಗಿ ಆಡಿದರೆ ಬಲಗಡೆಯ ಬುಟ್ಟಿ, ತಡವರಿಸಿದರೆ ಎಡಗಡೆಯ ಬುಟ್ಟಿ. ದಿನಕ್ಕೆ ಒಂಬೈನೂರು ಕೊಡೆ; ಅಂದರೆ ಎರಡು ಸಾವಿರದ ಏಳುನೂರು ಸಲ ಬಿಚ್ಚುವುದು. ಹತ್ತೊಂಬತ್ತು ವರ್ಷದಲ್ಲಿ ಅವನು ಬಿಚ್ಚದೇ ಉಳಿಸಿಕೊಂಡದ್ದು ತನ್ನ ಬಾಯಿಯೊಂದನ್ನು ಮಾತ್ರ ಎಂದು ಹೊಲಿಗೆ ವಿಭಾಗದ ಹೆಂಗಸರು ಆಡಿಕೊಳ್ಳುತ್ತಿದ್ದರು.

"ಬರಬೇಕು, ಬರಬೇಕು, ಪ್ರತಿನಿಧಿಗಳು ಬರಬೇಕು," ಎಂದರು ಮ್ಯಾನೇಜರು.

ಬಿಚ್ಚಣ್ಣ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ನಿನಗೇ ಹೇಳಿದ್ದು. ಕೂತ್ಕೋ."

ಮ್ಯಾನೇಜರ ಕೋಣೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಅಷ್ಟು ದೊಡ್ಡ ಕುರ್ಚಿಯಲ್ಲಿ ತನಗೆ ನ್ಯಾಯವಾಗಿ ಸಲ್ಲಬಹುದಾದ ನಾಲ್ಕು ಬೆರಳಿನಷ್ಟು ಜಾಗವನ್ನು ಲೆಕ್ಕ ಹಾಕಿ ಅವನು ಅದರ ಮೇಲೆ ಕೂತ.

ಮ್ಯಾನೇಜರು ವಿಷಯ ವಿವರಿಸಿದರು. ನೂರಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕಾರ್ಮಿಕರ ಸಮಿತಿ ಇರಬೇಕು, ಅದಕ್ಕೆ ಕಾರ್ಮಿಕರೇ ಆರಿಸಿದ ಪ್ರತಿನಿಧಿ ಇರಬೇಕು, ಮೂರು ತಿಂಗಳಿಗೊಮ್ಮೆ ಅವರು ಆಡಳಿತದವರ ಜೊತೆ ಕೂತು ಮಾತಾಡಬೇಕು ಎಂದು ಕಾನೂನು ಹೇಳುತ್ತದೆ. ಕಾನೂನು ಹೇಳಿದ ಮೇಲೆ ಮುಗಿಯಿತಲ್ಲ. ಹನ್ನೊಂದು ವರ್ಷದಲ್ಲಿ ನಲವತ್ತನಾಲ್ಕು ಸಭೆಗಳು ನಡೆದಿವೆ. ನಲವತ್ತನಾಲ್ಕರಲ್ಲೂ ಬಿಚ್ಚಣ್ಣ ಹಾಜರಿದ್ದಾನೆ.

"ನಾನು ಬಂದಿರ್ಲಿಲ್ವಲ್ಲ ಸಾರ್?"

"ನೀನು ಬರ್ಬೇಕಾಗಿರ್ಲಿಲ್ಲ. ಗುಮಾಸ್ತ ಬರ್ಕೊಂಡಿದಾನೆ."

"ಮತ್ತೆ ಚುನಾವಣೆ ಯಾವಾಗಾಯ್ತು ಸಾರ್?"

"ಅವಿರೋಧ ಆಯ್ಕೆ ಕಣಯ್ಯಾ. ಯಾರಾದ್ರೂ ವಿರೋಧ ಮಾಡಿದ್ರಾ?"

"ನನಗೇ ಗೊತ್ತಿರ್ಲಿಲ್ಲ ಸಾರ್."

"ನೋಡು. ನೀನೂ ವಿರೋಧ ಮಾಡಿಲ್ಲ."

ಈ ವಾದದಲ್ಲಿ ಎಲ್ಲೋ ಒಂದು ಕಡ್ಡಿ ತಡವರಿಸುತ್ತಿದೆ ಎಂದು ಬಿಚ್ಚಣ್ಣನಿಗೆ ಅನ್ನಿಸಿತು. ಯಾವ ಕಡ್ಡಿ ಎಂದು ತಿಳಿಯಲಿಲ್ಲ.

ಈಗಿನ ತೊಂದರೆ ಏನೆಂದರೆ ಕಾರ್ಮಿಕ ಇಲಾಖೆಗೆ ಹೊಸ ತನಿಖಾಧಿಕಾರಿ ಬಂದಿದ್ದರು. ಹಳಬರು ಕಾಗದ ನೋಡಿ, ಟೀ ಕುಡಿದು, ಸಹಿ ಹಾಕಿ ಹೋಗುವ ಸಭ್ಯರು. ಈ ಹೆಂಗಸು ಗುರುವಾರ ಬಂದು ಪ್ರತಿನಿಧಿಯನ್ನೇ ಖುದ್ದಾಗಿ ನೋಡುತ್ತೇನೆ ಎಂದು ಪತ್ರ ಬರೆದಿದ್ದರು. ಮ್ಯಾನೇಜರು ಮೇಜಿನ ಮೇಲಿದ್ದ ದಪ್ಪ ಹಸಿರು ಪುಸ್ತಕವನ್ನು ಬಿಚ್ಚಣ್ಣನ ಕಡೆ ತಳ್ಳಿದರು.

"ಇದರಲ್ಲಿ ನೀನು ಇಷ್ಟು ವರ್ಷ ಏನೇನು ಮಾತಾಡಿದೀಯ ಅಂತ ಇದೆ. ಮನೆಗೆ ತಗೊಂಡ್ಹೋಗಿ ಬಾಯಿಪಾಠ ಮಾಡು. ಆಯಮ್ಮ ಕೇಳಿದಾಗ ಇದರಲ್ಲಿರೋದೇ ಹೇಳ್ಬೇಕು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ತಿಳೀತಾ?"

ಬಿಚ್ಚಣ್ಣ ತಲೆಯಾಡಿಸಿದ. ತನಗೆ ಕೊಟ್ಟ ಕೆಲಸವನ್ನು ಕೊಟ್ಟ ಹಾಗೆಯೇ ಮಾಡುವುದರಲ್ಲಿ ಆ ಕಾರ್ಖಾನೆಯಲ್ಲಿ ಅವನಿಗೆ ಸಮನಾದವರು ಇರಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ.

ಸಂಜೆ ಮನೆಯಲ್ಲಿ ಹೆಂಡತಿ ಪುಸ್ತಕದ ಮೊದಲ ಪುಟವನ್ನು ಓದಿ ಒಲೆ ಆರಿಸಿದಳು.

"ಹನ್ನೊಂದು ವರ್ಷ! ಮದುವೆಯಾಗಿ ಹದಿನೈದು ವರ್ಷ, ಅದರಲ್ಲಿ ಹನ್ನೊಂದು ವರ್ಷ ಪ್ರತಿನಿಧಿ! ಒಂದು ಮಾತು ಹೇಳಿದೀರಾ? ಇನ್ನೇನೇನು ಮುಚ್ಚಿಟ್ಟಿದೀರಿ, ಇವತ್ತೇ ಹೇಳಿಬಿಡಿ."

"ನನಗೂ ಇವತ್ತೇ ಗೊತ್ತಾಗಿದ್ದು ಕಣೇ."

"ಸಾಕು ಸುಮ್ನಿರಿ. ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರ್ದಿದೆ. ‘ಪ್ರತಿನಿಧಿಯವರು ಎದ್ದು ನಿಂತು ವಂದನೆ ಸಲ್ಲಿಸಿದರು.’ ನಮ್ಮಣ್ಣ ಬಂದಾಗ ಎದ್ದು ನಿಲ್ಲೋಕೆ ಸೊಂಟ ನೋವು!"

ಅವಳ ಕೋಪ ಹತ್ತು ನಿಮಿಷ ಇತ್ತು. ಹೆಮ್ಮೆ ಬಂದ ಮೇಲೆ ಅದಕ್ಕೆ ಮಿತಿಯೇ ಇರಲಿಲ್ಲ. ಅವಳು ಗೋಡೆಯಾಚೆಗೆ ಹೇಳಿದಳು. ಗೋಡೆಯಾಚೆಯ ನಿವೃತ್ತ ಟಿಕೆಟ್ ಕಲೆಕ್ಟರು ಕಾಲು ಗಂಟೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬೀದಿಯ ನಲ್ಲಿ ಸೋರುತ್ತಿರುವ ಬಗ್ಗೆ ಒಂದು ಅರ್ಜಿ ಹಿಡಿದುಕೊಂಡು ಬಂದರು.

"ನಾನು ಕೊಡೆ ಕಾರ್ಖಾನೆ ಪ್ರತಿನಿಧಿ ಸಾರ್. ನಲ್ಲಿ ನನಗೆ ಬರೋಲ್ಲ," ಎಂದ ಬಿಚ್ಚಣ್ಣ.

"ಪ್ರತಿನಿಧಿ ಅಂದ್ಮೇಲೆ ಪ್ರತಿನಿಧಿನೇ. ನೀವು ಅರ್ಜಿ ಇಸ್ಕೊಳ್ಳಿ. ಇಸ್ಕೊಂಡೋರು ಏನಾದ್ರೂ ಮಾಡ್ತಾರೆ ಅಂತ ನಾನೂ ಅಂದ್ಕೊಂಡಿಲ್ಲ."

ಇಷ್ಟು ಸರಳವಾದ ಹುದ್ದೆ ಎಂದು ಬಿಚ್ಚಣ್ಣನಿಗೆ ಗೊತ್ತಿರಲಿಲ್ಲ. ಅವನು ಅರ್ಜಿ ಇಸಿದುಕೊಂಡು, ಮಡಚಿ ಜೇಬಿಗೆ ಹಾಕಿ, "ನೋಡೋಣ," ಎಂದ. ಆ ‘ನೋಡೋಣ’ ತನ್ನ ಬಾಯಿಂದ ಎಷ್ಟು ಗತ್ತಿನಲ್ಲಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಊಟದ ಹೊತ್ತಿಗೆ ಜೇಬಿನಲ್ಲಿ ನಾಲ್ಕು ಅರ್ಜಿಗಳಿದ್ದವು. ಈ ಗಡಿಬಿಡಿಯಲ್ಲಿ ಅವನು ಓದಿ ಮುಗಿಸಿದ್ದು ಮೊದಲ ಎಂಟು ಸಭೆಗಳನ್ನು ಮಾತ್ರ. ಎಂಟರಲ್ಲೂ ಅವನು ಸಂತೋಷದಿಂದ ಒಪ್ಪಿದ್ದ.

ಮಂಗಳವಾರ ಬೆಳಗ್ಗೆ ಕಾರ್ಖಾನೆಯ ಫಲಕದ ಮುಂದೆ ಜನ ಸೇರಿದ್ದರು. ಬಿಚ್ಚಣ್ಣ ಬಂದೊಡನೆ ಅವರೆಲ್ಲ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಇದು ಗೌರವ ಎಂದು ಅವನು ಸುಮಾರು ಆರು ಹೆಜ್ಜೆ ನಂಬಿದ್ದ. ಏಳನೇ ಹೆಜ್ಜೆಗೆ ಫಲಕ ಕಣ್ಣಿಗೆ ಬಿತ್ತು.

‘ಅಂಟು ಕೋಣೆಯಲ್ಲಿ ಸತತವಾಗಿ ಕೆಮ್ಮುತ್ತಿರುವ ಈ ಕೆಳಕಂಡ ಮೂವರನ್ನು ಕೆಲಸಕ್ಕೆ ಅನರ್ಹರೆಂದು ಪರಿಗಣಿಸಿ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಬಿಡುಗಡೆ ಮಾಡಲಾಗುವುದು. ಕಾರ್ಮಿಕರ ಪ್ರತಿನಿಧಿಯಾದ ಪರೀಕ್ಷಾ ವಿಭಾಗದ ನೌಕರರು ನಲವತ್ತೈದನೇ ಸಭೆಯಲ್ಲಿ ಇದಕ್ಕೆ ಸಂತೋಷದಿಂದ ಒಪ್ಪಿರುತ್ತಾರೆ.’

ಪರೀಕ್ಷಾ ವಿಭಾಗದಲ್ಲಿ ಇದ್ದ ನೌಕರ ಒಬ್ಬನೇ. ಮೂವರಲ್ಲಿ ಮೊದಲನೆಯ ಹೆಸರು ಅವನ ಸ್ವಂತ ಅಕ್ಕನದು.

ಅಂಟು ಕೋಣೆ ಎಂದರೆ ಕೊಡೆಯ ಹಿಡಿಗಳನ್ನು ಬಿಸಿ ಅಂಟಿನಿಂದ ಕೂಡಿಸುವ ಜಾಗ. ಗಾಳಿ ಬಂದರೆ ಅಂಟು ಬೇಗ ಗಟ್ಟಿಯಾಗುತ್ತದೆಂದು ಕಿಟಕಿ ಮುಚ್ಚಿಯೇ ಇರುತ್ತಿತ್ತು. ಹೊಗೆ ಹೊರಗೆ ಎಳೆಯಲು ಒಂದು ಫ್ಯಾನ್ ಹಾಕುವ ತೂತು ಗೋಡೆಯಲ್ಲಿತ್ತು. ತೂತಿಗೆ ರಟ್ಟು ಬಡಿದಿದ್ದರು. ಅಲ್ಲಿ ಹನ್ನೊಂದು ಹೆಂಗಸರು ಕೆಲಸ ಮಾಡುತ್ತಿದ್ದರು. ಅಕ್ಕ ಅಲ್ಲಿಗೆ ಸೇರಿ ಹದಿನಾರು ವರ್ಷವಾಗಿತ್ತು, ಕೆಮ್ಮು ಸೇರಿ ನಾಲ್ಕು. ಅಮ್ಮ ಹೋದ ಮೇಲೆ ಬಿಚ್ಚಣ್ಣನನ್ನು ಸಾಕಿದವಳು ಅವಳೇ. ಭಾವ ಇಲ್ಲ, ಮಕ್ಕಳಿಲ್ಲ. ಈ ಕೆಲಸ ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ.

ಅಕ್ಕ ಫಲಕದ ಪಕ್ಕದಲ್ಲೇ ನಿಂತಿದ್ದಳು.

"ಅಕ್ಕಾ, ನಾನು..."

"ಸಂತೋಷದಿಂದ ಒಪ್ಪಿದೀಯಂತೆ," ಎಂದಳು ಅಕ್ಕ. "ಚಿಕ್ಕೋನಿದ್ದಾಗ ನಿಂಗೆ ಸ್ನಾನಕ್ಕೆ ಬಾ ಅಂದ್ರೂ ಒಪ್ಪಿಸೋಕೆ ಅರ್ಧ ದಿನ ಬೇಕಾಗ್ತಿತ್ತು. ದೊಡ್ಡೋನಾಗಿದೀಯ ಬಿಡು." ಅಷ್ಟು ಹೇಳಿ, ಕೆಮ್ಮಿ, ಒಳಗೆ ಹೋದಳು.

ಉಳಿದವರು ಅಷ್ಟು ಬೇಗ ಬಿಡಲಿಲ್ಲ. ಹತ್ತು ವರ್ಷದ ಹಿಂದೆ ಟೀ ವಿರಾಮವನ್ನು ಹದಿನೈದು ನಿಮಿಷದಿಂದ ಏಳಕ್ಕೆ ಇಳಿಸಿದಾಗಲೂ ಫಲಕದ ಮೇಲೆ ‘ಪ್ರತಿನಿಧಿ ಸಂತೋಷದಿಂದ ಒಪ್ಪಿರುತ್ತಾರೆ’ ಎಂದಿತ್ತು.

"ಆ ಸಂತೋಷ ಯಾರದ್ದು ಅಂತ ಹತ್ತು ವರ್ಷದಿಂದ ಹುಡುಕ್ತಿದ್ವಿ ಕಣೋ," ಎಂದ ಬಟ್ಟೆ ಕತ್ತರಿಸುವವನು. "ನಮ್ಮ ಮಧ್ಯಾನೇ ಇತ್ತು ನೋಡು!"

ಆ ಪ್ರತಿನಿಧಿಯನ್ನು ಅಂದು ಎಲ್ಲರ ಜೊತೆ ಸೇರಿ ಬಿಚ್ಚಣ್ಣನೂ ಬೈದಿದ್ದ. ಬೈದವರಲ್ಲಿ ಅವನ ಬೈಗುಳವೇ ಉದ್ದವಾದದ್ದು ಎಂಬುದು ಕೆಲವರಿಗೆ ನೆನಪಿತ್ತು. ಇದರಿಂದ ಅವನ ಕಪಟ ಇನ್ನೂ ಆಳವಾದದ್ದು ಎಂದು ಸಾಬೀತಾಯಿತು. ಕ್ಯಾಂಟೀನಿನವನು, "ಪ್ರತಿನಿಧಿಗಳಿಗೆ ಟೀ ಕೊಡ್ಲೋ, ಸನ್ಮಾನ ಮಾಡ್ಲೋ?" ಎಂದು ಕೇಳಿ, ಎರಡನ್ನೂ ಮಾಡದೆ ಲೋಟ ಒಳಗಿಟ್ಟ.

ಬಿಚ್ಚಣ್ಣ ಮ್ಯಾನೇಜರ ಬಳಿಗೆ ಓಡಿದ. "ಸಾರ್, ನಾನು ಇದಕ್ಕೆ ಒಪ್ಪಿಲ್ಲ."

"ಹನ್ನೊಂದು ವರ್ಷ ತುಟಿ ಪಿಟಕ್ಕನ್ನದೆ ಒಪ್ಪಿದೀಯ. ಈಗೇನು ಹೊಸ ರಾಗ?"

"ಅವಳು ನನ್ನ ಅಕ್ಕ ಸಾರ್."

"ಪ್ರತಿನಿಧಿಗೆ ಅಕ್ಕ ತಂಗಿ ಅಂತ ಭೇದಭಾವ ಇರಬಾರದಯ್ಯಾ," ಎಂದು ಮ್ಯಾನೇಜರು ನೀತಿ ಹೇಳಿದರು. "ಗುರುವಾರ ಆಯಮ್ಮನ ಎದುರಿಗೇ ಸಹಿ ಹಾಕು. ಹಾಕದಿದ್ರೆ ನಾಲ್ಕನೇ ಹೆಸರು ಬರೆಯೋಕೆ ಫಲಕದಲ್ಲಿ ಜಾಗ ಇದೆ."

ಬುಧವಾರ ಬಿಚ್ಚಣ್ಣನ ಜೊತೆ ಮಾತಾಡುವವರು ಯಾರೂ ಇರಲಿಲ್ಲವಾದ್ದರಿಂದ ಓದಿಗೆ ಒಳ್ಳೆಯ ಅನುಕೂಲವಾಯಿತು. ಊಟದ ವಿರಾಮದಲ್ಲಿ ಅವನು ಬೆಂಚಿನ ಹಿಂದೆ ಒಂದು ಗಂಡಸರ ದೊಡ್ಡ ಕೊಡೆ ಬಿಚ್ಚಿಟ್ಟು, ಅದರ ಮರೆಯಲ್ಲಿ ಒಂಬತ್ತನೇ ಸಭೆ ತೆರೆದ. ಮೊದಲ ಸಾಲು ಓದಿದ. ಮತ್ತೊಮ್ಮೆ ಓದಿದ. ಪುಸ್ತಕದ ಮೇಲಿನ ಹೆಸರು ತನ್ನದೇನಾ ಎಂದು ಮುಚ್ಚಿ ನೋಡಿದ.

‘ಪ್ರತಿನಿಧಿಯವರು ಮೇಜು ಗುದ್ದಿ ಹೀಗೆಂದರು...’

ಅವನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಗುಮಾಸ್ತನ ಕಿಟಕಿಗೆ ಹೋದ. ರಜೆ ಚೀಟಿ ಕೊಡಲು, ತಡವಾದದ್ದಕ್ಕೆ ಕಾರಣ ಬರೆಸಲು ಎಲ್ಲರೂ ಸಾಲು ನಿಲ್ಲುವ ಕಿಟಕಿ ಅದು. ಗುಮಾಸ್ತ ಪುಸ್ತಕ ನೋಡಿ ಕನ್ನಡಕ ತೆಗೆದ.

"ಎಂಟರವರೆಗೆ ಓದಿದ್ರಾ?"

"ಒಂಬತ್ತಕ್ಕೆ ಬಂದಿದೀನಿ. ನಾನು ಮೇಜು ಗುದ್ದಿದೀನಂತೆ."

"ಮೆತ್ತಗೆ ಮಾತಾಡಿ!" ಗುಮಾಸ್ತ ಕಿಟಕಿಯ ಅರ್ಧ ಬಾಗಿಲು ಎಳೆದುಕೊಂಡ. "ನೋಡಿ, ಎರಡು ವರ್ಷ ‘ಸಂತೋಷದಿಂದ ಒಪ್ಪಿದರು’ ಅಂತ ಬರೆದೆ. ಮನುಷ್ಯ ಎಷ್ಟು ಸಲ ಅದನ್ನೇ ಬರೆಯೋಕಾಗುತ್ತೆ? ನಾನು ವಯಸ್ಸಿನಲ್ಲಿದ್ದಾಗ ಏಳು ನಾಟಕ ಬರೆದೋನು. ಒಂದನ್ನೂ ಯಾರೂ ಆಡಲಿಲ್ಲ, ಅದಿರಲಿ. ಇಬ್ಬರು ಎದುರುಬದುರು ಕೂತ ಮೇಲೆ ಒಬ್ಬನಾದ್ರೂ ಬಾಯಿ ತೆಗೀಬೇಡ್ವಾ?"

"ಮ್ಯಾನೇಜರು ಓದೋಲ್ವಾ?"

"ಎಂಟರವರೆಗೆ ಓದಿದ್ರು. ಆಮೇಲೆ ನಂಬಿಕೆ ಬಂತು. ಈಗ ಫೋನಲ್ಲಿ ಮಾತಾಡ್ತಾ ಮೂವತ್ತು ಕಾಗದಕ್ಕೆ ಒಟ್ಟಿಗೆ ಸಹಿ ಹಾಕ್ತಾರೆ." ಗುಮಾಸ್ತನ ದನಿ ಇಳಿಯಿತು. "ಮಾತುಗಳು ನನ್ನವಲ್ಲ ಬಿಚ್ಚಣ್ಣೋರೆ. ಇಡೀ ಕಾರ್ಖಾನೆ ಈ ಕಿಟಕೀಲಿ ನಿಂತು ಗೊಣಗಿ ಹೋಗುತ್ತೆ. ಎಲ್ಲಾ ಕಿವಿಗೆ ಬಿದ್ದು ಎಲ್ಲೂ ಹಾಕೋಕೆ ಜಾಗ ಇರ್ಲಿಲ್ಲ. ನಿಮ್ಮ ಬಾಯಿ ಖಾಲಿ ಇತ್ತು, ಅಲ್ಲಿ ಹಾಕಿದೆ. ದಯವಿಟ್ಟು ಒಂಬತ್ತರಿಂದ ಮುಂದೆ ಹೇಳ್ಬೇಡಿ. ನನ್ನ ಕೆಲಸ ಹೋಗುತ್ತೆ."

ಬಿಚ್ಚಣ್ಣ ಅಂದು ಸಂಜೆಯವರೆಗೂ ಒಂಬತ್ತರಿಂದ ನಲವತ್ತನಾಲ್ಕರವರೆಗೆ ಓದಿದ. ಬಿಚ್ಚುತ್ತ ಓದಿದ, ಮಡಚುತ್ತ ಬಾಯಿಪಾಠ ಮಾಡಿದ.

ತನಿಖಾಧಿಕಾರಿ ಗುರುವಾರ ಹನ್ನೊಂದು ಗಂಟೆಗೆ ಎಂದಿದ್ದವರು ಹನ್ನೊಂದು ಗಂಟೆಗೇ ಬಂದು ಎಲ್ಲರಿಗೂ ಮುಜುಗರ ಉಂಟುಮಾಡಿದರು. ಸುಮಾರು ಐವತ್ತರ ಹೆಂಗಸು, ಕೈಯಲ್ಲಿ ಮೂರು ಪೆನ್ಸಿಲ್. ಟೀ ಬೇಡ ಎಂದರು. ಬಿಸ್ಕತ್ತು ಬೇಡ ಎಂದರು. ಸೆಕೆ ಎಂದು ಕಿಟಕಿ ತೆರೆಸಿದರು. ಕಿಟಕಿಯ ಆಚೆ ನಾಲ್ಕು ಅಡಿ ದೂರದಲ್ಲಿ ಅಂಟು ಕೋಣೆಯ ಬಾಗಿಲಿತ್ತು.

"ನಮ್ಮಲ್ಲಿ ಎಲ್ಲಾ ಒಂದು ಕುಟುಂಬದ ಹಾಗೆ ಮೇಡಂ," ಎಂದರು ಮ್ಯಾನೇಜರು.

"ಯಾರ ಕುಟುಂಬ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಬಿಚ್ಚಣ್ಣನ ಕಡೆ ತಿರುಗಿದರು. "ನೀವು ಪ್ರತಿನಿಧಿ. ಇಷ್ಟು ವರ್ಷ ಸಭೆಗಳಲ್ಲಿ ಏನು ಮಾತಾಡಿದ್ರಿ, ನೆನಪಿರೋಷ್ಟು ಹೇಳಿ."

ಬಿಚ್ಚಣ್ಣ ಎದ್ದು ನಿಂತು ಕೈ ಕಟ್ಟಿಕೊಂಡ.

"ಒಂದನೇ ಸಭೆ. ಪ್ರತಿನಿಧಿಯವರು ಎದ್ದು ನಿಂತು ಆಡಳಿತ ವರ್ಗಕ್ಕೆ ವಂದನೆ ಸಲ್ಲಿಸಿದರು. ಎರಡನೇ ಸಭೆ. ಕೆಲಸದ ವೇಗ ಹೆಚ್ಚಿಸುವ ಸಲಹೆಗೆ ಪ್ರತಿನಿಧಿಯವರು ಸಂತೋಷದಿಂದ ಒಪ್ಪಿದರು..."

ಶಾಲೆಯ ಮಗ್ಗಿಯ ಧಾಟಿಯಲ್ಲಿ ಅದು ಸಾಗಿತು. ಮ್ಯಾನೇಜರು ಕಣ್ಣು ಅರೆ ಮುಚ್ಚಿ ತಾಳಕ್ಕೆ ತಲೆಯಾಡಿಸುತ್ತಿದ್ದರು. ಎಂಟನೇ ಸಭೆ ಮುಗಿದಾಗ ತನಿಖಾಧಿಕಾರಿ ಪೆನ್ಸಿಲ್ ಎತ್ತಿದರು.

"ಯಾವುದಕ್ಕೂ ಇಲ್ಲ ಅಂದೇ ಇಲ್ವಾ?"

"ಅದು ಮುಂದೆ ಬರುತ್ತೆ ಮೇಡಂ," ಎಂದ ಬಿಚ್ಚಣ್ಣ. ಒಂದಕ್ಷರ ಕಮ್ಮಿ ಹೇಳಕೂಡದೆಂದು ಅವನಿಗೆ ಅಪ್ಪಣೆಯಾಗಿತ್ತು. ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಪೆನ್ನು ಕೆಳಗೆ ಬೀಳಿಸಿಕೊಂಡು, ಅದನ್ನು ಹುಡುಕುವ ನೆಪದಲ್ಲಿ ಮೇಜಿನಡಿಗೆ ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ.

"ಒಂಬತ್ತನೇ ಸಭೆ. ಪ್ರತಿನಿಧಿಯವರು ಮೇಜು ಗುದ್ದಿ" — ಇಲ್ಲಿ ಬಿಚ್ಚಣ್ಣ ಮೇಜು ಗುದ್ದಿದ, ಲೋಟಗಳು ಕುಣಿದವು — "ಹೀಗೆಂದರು: ಬಟ್ಟೆ ಕತ್ತರಿಸುವಲ್ಲಿ ದೀಪ ಸಾಲದು, ಬಟ್ಟೆ ಯಾವುದು ಬೆರಳು ಯಾವುದು ಎಂದು ತಿಳಿಯಲು ಕತ್ತರಿಸಿ ನೋಡಬೇಕಾಗಿದೆ. ಇನ್ನು ಆರು ದೀಪ ಹಾಕಿಸುವುದಾಗಿ ಮ್ಯಾನೇಜರವರು ಮಾತು ಕೊಟ್ಟರು."

ಮ್ಯಾನೇಜರ ಕಣ್ಣು ಪೂರ್ತಿ ತೆರೆಯಿತು.

"ಹದಿನೇಳನೇ ಸಭೆ. ಹೆಂಗಸರ ಶೌಚಾಲಯಕ್ಕೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿಯಬೇಕು. ಒಬ್ಬರ ಕೆಲಸಕ್ಕೆ ಇಬ್ಬರ ಹೊತ್ತು ಹಾಳಾಗುವುದು ಕಂಪನಿಗೇ ನಷ್ಟವಲ್ಲವೇ ಎಂದು ಪ್ರತಿನಿಧಿಯವರು ವ್ಯಂಗ್ಯವಾಗಿ ನಕ್ಕರು." ಬಿಚ್ಚಣ್ಣ ವ್ಯಂಗ್ಯವಾಗಿ ನಗಲು ಪ್ರಯತ್ನಪಟ್ಟ; ಅದು ಬಿಕ್ಕಳಿಕೆಯ ಹಾಗೆ ಬಂತು. "ಮ್ಯಾನೇಜರವರು ತಲೆ ತಗ್ಗಿಸಿ ಒಪ್ಪಿದರು."

"ನಾನು ತಲೆ ತಗ್ಗಿಸಿಲ್ಲ!" ಎಂದರು ಮ್ಯಾನೇಜರು.

"ತಗ್ಗಿಸಿದೀರಿ," ಎಂದರು ತನಿಖಾಧಿಕಾರಿ, ಎದುರಿಗಿದ್ದ ಹಸಿರು ಪುಸ್ತಕದ ಪುಟ ತಿರುವಿ. "ಇಲ್ಲಿದೆ. ಕೆಳಗೆ ಸಹಿ ಇದೆ. ನಿಮ್ಮದೇ ಅಲ್ವಾ?"

"ಸಹಿ ನಂದೇ. ಆದ್ರೆ ಮೇಡಂ..."

"ಸಭೆ ನಡೆದಿಲ್ಲ ಅಂತೀರಾ?"

ನಡೆಯದ ನಲವತ್ತನಾಲ್ಕು ಸಭೆಗಳಿಗೆ ಸಹಿ ಹಾಕಿದವನಿಗೆ ಕಾನೂನಿನಲ್ಲಿ ಏನು ಕಾದಿದೆ ಎಂದು ಮ್ಯಾನೇಜರಿಗೆ ಗೊತ್ತಿತ್ತು.

"ನಡೆದಿದೆ," ಎಂದರು ಅವರು, ಹಲ್ಲು ಕೀಳಿಸಿಕೊಂಡವರ ಹಾಗೆ.

"ಒಳ್ಳೇದು. ನಡೆದಿದ್ರೆ ಚಿಲಕ ಎಲ್ಲಿ?"

ಇಪ್ಪತ್ತಮೂರನೇ ಸಭೆ ಬಂತು. ‘ಅಂಟು ಕೋಣೆಯಲ್ಲಿ ಮ್ಯಾನೇಜರವರು ಒಂದೇ ಒಂದು ಗಂಟೆ ಕೂರಲಿ, ಆಮೇಲೆ ಫ್ಯಾನ್ ಬೇಕೋ ಬೇಡವೋ ಎಂದು ಅವರೇ ಹೇಳಲಿ, ಹೇಳಲು ಉಸಿರು ಉಳಿದಿದ್ದರೆ.’ ಮೂವತ್ತು ದಿನದೊಳಗೆ ಫ್ಯಾನ್ ಹಾಕಿಸುವುದಾಗಿ ಮ್ಯಾನೇಜರವರು ಗದ್ಗದಿತರಾಗಿ ಒಪ್ಪಿದ್ದರು. ಐದು ವರ್ಷವಾಗಿತ್ತು. ಮೂವತ್ತೊಂದರಲ್ಲಿ ಟೀ ವಿರಾಮ ಮತ್ತೆ ಹದಿನೈದು ನಿಮಿಷವಾಗಿತ್ತು. ನಲವತ್ತನಾಲ್ಕು ಮುಗಿಯುವಷ್ಟರಲ್ಲಿ ಮ್ಯಾನೇಜರು ಒಪ್ಪದೆ ಉಳಿದ ಸಂಗತಿಯೇ ಜಗತ್ತಿನಲ್ಲಿರಲಿಲ್ಲ.

ಇದು ಬಿಚ್ಚಣ್ಣನ ಜಾಣತನವೋ ಬರಿಯ ವಿಧೇಯತೆಯೋ ಎಂಬ ಬಗ್ಗೆ ಆ ಕಾರ್ಖಾನೆಯಲ್ಲಿ ಇಂದಿಗೂ ಎರಡು ಪಕ್ಷಗಳಿವೆ. ಬಿಚ್ಚಣ್ಣನನ್ನು ಕೇಳಿದರೆ ಅವನು ಎರಡಕ್ಕೂ ತಲೆಯಾಡಿಸುತ್ತಾನೆ.

ತನಿಖಾಧಿಕಾರಿ ಕೊನೆಯ ಹಾಳೆ ಎತ್ತಿದರು. "ನಲವತ್ತೈದನೆಯದು. ಮೂವರನ್ನ ಅನರ್ಹರು ಅಂತ ಬಿಡೋದು. ಕೆಲಸದಿಂದ ತೆಗೆಯೋದಕ್ಕೆ ಪ್ರತಿನಿಧಿ ಸಹಿಯೂ ಬೇಕು, ಇಲ್ಲಿ ಇಲ್ವಲ್ಲ."

"ಈಗ ಹಾಕ್ತಾನೆ ಮೇಡಂ," ಎಂದು ಮ್ಯಾನೇಜರು ಪೆನ್ನು ಚಾಚಿ, ಕಣ್ಣಿನಲ್ಲೇ ಫಲಕದ ಕಡೆ ತೋರಿಸಿದರು.

ಬಿಚ್ಚಣ್ಣ ಪೆನ್ನು ನೋಡಿದ. ಕಿಟಕಿಯಾಚೆಯಿಂದ ಕೆಮ್ಮು ಕೇಳಿಸಿತು. ಯಾರ ಕೆಮ್ಮು ಎಂದು ಅವನಿಗೆ ಬೇರೆ ಹೇಳಬೇಕಾಗಿರಲಿಲ್ಲ.

"ನಾನು ಒಪ್ಪೋಲ್ಲ," ಎಂದ. ದನಿ ಕೀರಲಾಗಿತ್ತು, ಮಗ್ಗಿಯ ಧಾಟಿ ಬಿಟ್ಟುಹೋಗಿತ್ತು. "ಐದು ವರ್ಷದ ಹಿಂದೆ ಫ್ಯಾನ್ ಹಾಕಿದ್ರೆ ಅವರಿಗೆ ಕೆಮ್ಮೇ ಇರ್ತಿರ್ಲಿಲ್ಲ. ಹೊಗೆ ಕುಡಿಸಿದ್ದು ನೀವು, ಕೆಮ್ಮಿದ್ದು ತಪ್ಪಾ? ಅನರ್ಹ ಆಗಿರೋದು ಆ ಕೋಣೆ ಮೇಡಂ. ಅದನ್ನ ಬಿಡುಗಡೆ ಮಾಡಿ."

ತನಿಖಾಧಿಕಾರಿ ಪುಸ್ತಕ ತಿರುವಿದರು. "ಇದು ಯಾವ ಸಭೇಲಿದೆ?"

"ಯಾವುದ್ರಲ್ಲೂ ಇಲ್ಲ," ಎಂದು ಹೇಳಿ ಬಿಚ್ಚಣ್ಣ ಬೆವರು ಒರೆಸಿಕೊಂಡ. "ಈಗ ಬಂತು."

ತನಿಖಾಧಿಕಾರಿ ಅದನ್ನೂ ಬರೆದುಕೊಂಡರು. ಆಮೇಲೆ ಆದೇಶ ಬರೆದರು. ಒಪ್ಪಿದ್ದನ್ನೆಲ್ಲ ಮೂವತ್ತು ದಿನದಲ್ಲಿ ಮಾಡಬೇಕು. ಮೂವರ ಬಿಡುಗಡೆ ರದ್ದು. ನಡಾವಳಿ ಪುಸ್ತಕ ಕ್ಯಾಂಟೀನಿನಲ್ಲಿರಬೇಕು, ಯಾರು ಬೇಕಾದರೂ ಓದಬಹುದು. ಪ್ರತಿನಿಧಿಯ ಅವಧಿ ಎರಡೇ ವರ್ಷವಾದ್ದರಿಂದ ಗುಪ್ತ ಮತದಾನದ ಮೂಲಕ ಹೊಸಬರನ್ನು ಆರಿಸಬೇಕು, ಎಣಿಕೆಗೆ ತಾವೇ ಬರುವರು.

ಶುಕ್ರವಾರದಿಂದ ಕ್ಯಾಂಟೀನಿನಲ್ಲಿ ಟೀ ಜೊತೆ ಪಾರಾಯಣ ಶುರುವಾಯಿತು. ಹೊಲಿಗೆ ವಿಭಾಗದ ಗಟ್ಟಿ ಗಂಟಲಿನವಳೊಬ್ಬಳು ಮೇಜು ಹತ್ತಿ ಓದಿದರೆ ಉಳಿದವರು ಶಿಳ್ಳೆ ಹಾಕುತ್ತಿದ್ದರು. ಮಂಗಳವಾರದ ದ್ರೋಹಿ ಶುಕ್ರವಾರಕ್ಕೆ ಹುಲಿಯಾಗಿದ್ದ.

"ಮ್ಯಾನೇಜರು ಇವನ ಎದುರಿಗೇ ತಲೆ ತಗ್ಗಿಸ್ಬಿಟ್ರಂತೆ ಕಣೇ! ಇವನು ಒಬ್ರಿಗೂ ಹೇಳಿಲ್ಲ ನೋಡು, ಎಂಥಾ ದೊಡ್ಡ ಮನುಷ್ಯ!"

ದೊಡ್ಡ ಮನುಷ್ಯ ಎರಡು ದಿನ ಯಾವುದನ್ನೂ ಅಲ್ಲಗಳೆಯಲಿಲ್ಲ. ಅವನ ನಡಿಗೆ ನಿಧಾನವಾಯಿತು. ಕೊಡೆ ಮಡಚುವಾಗ ಟಪ್ಪೆಂದು ಸದ್ದು ಮಾಡತೊಡಗಿದ. ಚುನಾವಣೆಗೆ ಅವನ ಹೆಸರನ್ನು ನಾಲ್ಕು ಜನ ಸೂಚಿಸಿದರು. ಹೆಂಡತಿ ಗೆಲುವಿಗೆಂದು ಹೊಸ ಅಂಗಿ ಹೊಲಿಸಲು ಕೊಟ್ಟಳು. ಮ್ಯಾನೇಜರ ಕಡೆಯಿಂದ ಮೇಸ್ತ್ರಿಯ ಅಳಿಯ ನಿಂತ. ‘ನಗುನಗುತ್ತ ಮುಂದೆ ಸಾಗೋಣ’ ಎಂಬುದು ಅವನ ಘೋಷಣೆ. ಎಲ್ಲಿಗೆ ಎಂದು ಅವನು ಹೇಳಲಿಲ್ಲ.

ಮೂರನೇ ದಿನ ಓದು ಇಪ್ಪತ್ತಮೂರಕ್ಕೆ ಬಂತು. "ಒಂದೇ ಒಂದು ಗಂಟೆ ಕೂರಲಿ... ಹೇಳಲು ಉಸಿರು ಉಳಿದಿದ್ದರೆ!" ಎಂದು ಗಟ್ಟಿ ಗಂಟಲು ಮೊಳಗಿತು.

"ನಿಲ್ಸೇ," ಎಂದಳು ಅಕ್ಕ ಹಿಂದಿನ ಬೆಂಚಿನಿಂದ. "ಅದು ನಾನು ಹೇಳಿದ್ದು. ರಜೆ ಚೀಟಿ ಕೊಡೋಕೆ ಹೋದಾಗ ಆ ಗುಮಾಸ್ತನ ಕಿಟಕೀಲಿ."

"ಅರೆ, ಬಾಗಿಲು ಹಿಡಿಯೋ ಮಾತು ನಂದು!" ಎಂದಳು ಇನ್ನೊಬ್ಬಳು. "ಬೆರಳು ಕತ್ತರಿಸಿ ನೋಡೋದು ನಂದಲ್ವಾ?" ಎಂದ ಬಟ್ಟೆ ಕತ್ತರಿಸುವವನು. ನೂರಕ್ಕೂ ಹೆಚ್ಚು ಮುಖಗಳು ಬಿಚ್ಚಣ್ಣನ ಕಡೆ ತಿರುಗಿದವು.

ಬಿಚ್ಚಣ್ಣ ಎದ್ದು ನಿಂತ. "ನಾನು ಒಂದು ಸಭೆಗೂ ಹೋಗಿಲ್ಲ," ಎಂದ. "ನಿಜ ಹೇಳ್ಬೇಕು ಅಂದ್ರೆ ಸಭೆಗಳೇ ನಡೆದಿಲ್ಲ..."

"ಮುಚ್ಚೋ ಬಾಯಿ!" ಎಂದು ಕ್ಯಾಂಟೀನಿನವನು ಓಡಿಬಂದು ಬಾಗಿಲು ಹಾಕಿದ. "ಸಭೆ ನಡೆದಿಲ್ಲ ಅಂದ್ರೆ ಫ್ಯಾನೂ ಇಲ್ಲ, ಚಿಲಕಾನೂ ಇಲ್ಲ! ನಡೆದಿದೆ ಕಣಯ್ಯಾ, ನಲವತ್ತನಾಲ್ಕೂ ನಡೆದಿದೆ. ನಾನೇ ಟೀ ಕೊಟ್ಟಿದೀನಿ, ಬೇಕಾದ್ರೆ ಸಾಕ್ಷಿ ಹೇಳ್ತೀನಿ!"

ಸಭೆಗಳು ನಡೆದಿವೆ ಎಂದು ಆ ಮಧ್ಯಾಹ್ನ ಇಡೀ ಕ್ಯಾಂಟೀನು ಒಮ್ಮತದಿಂದ ತೀರ್ಮಾನಿಸಿತು. ಆದರೆ ಮುಂದಿನ ಸಭೆ ನಿಜವಾಗಿಯೂ ನಡೆಯುವುದಿತ್ತು. ಅಲ್ಲಿ ಬರೆದದ್ದನ್ನು ಒಪ್ಪಿಸುವವರಿಗಿಂತ ಆಡುವವರೇ ಬೇಕು ಎಂದು ಯಾರೋ ಅಂದರು. ಅಕ್ಕನ ಹೆಸರು ಸೂಚಿಸಿದರು. "ಅಯ್ಯೋ, ನಾನಾ? ಅರ್ಧ ಮಾತಿಗೆ ಕೆಮ್ಮು ಬರುತ್ತೆ," ಎಂದಳು ಅವಳು. "ಬರ್ಲಿ ಬಿಡಕ್ಕಾ, ಅದೂ ಅವರಿಗೆ ಕೇಳಿಸ್ಲಿ," ಎಂದಳು ಗಟ್ಟಿ ಗಂಟಲಿನವಳು.

ಒಟ್ಟು ನೂರಹದಿನೆಂಟು ಮತ. ತನಿಖಾಧಿಕಾರಿ ಎರಡು ಸಲ ಎಣಿಸಿದರು. ಅಕ್ಕನಿಗೆ ತೊಂಬತ್ತಾರು. ಮೇಸ್ತ್ರಿಯ ಅಳಿಯನಿಗೆ ಇಪ್ಪತ್ತೊಂದು. ಬಿಚ್ಚಣ್ಣನಿಗೆ ಒಂದು.

"ನೀವೇ ಹಾಕ್ಕೊಂಡ್ರಾ?" ಎಂದು ಕೇಳಿದಳು ಹೆಂಡತಿ, ಹೊಸ ಅಂಗಿಯನ್ನು ಪೆಟ್ಟಿಗೆಗೆ ಹಾಕುತ್ತ.

"ನಾನು ಅಕ್ಕನಿಗೆ ಹಾಕಿದ್ದು."

"ಹಾಗಾದ್ರೆ ಇನ್ಯಾವ ಪುಣ್ಯಾತ್ಮ?"

ಮಾರನೇ ದಿನ ಗೇಟಿನ ಹತ್ತಿರ ಅಕ್ಕ ಅವನಿಗಾಗಿ ನಿಂತಿದ್ದಳು. ಫಲಕದ ಮುಂದೆ ಮುಖ ತಿರುಗಿಸಿ ಹೋದ ಮೇಲೆ ಅವಳು ತಾನಾಗಿ ಅವನ ಹತ್ತಿರ ಬಂದದ್ದು ಅದೇ ಮೊದಲು. "ಆ ಒಂದು ವೋಟು ನಂದು ಕಣೋ," ಎಂದಳು. "ಉಳಿದಿದ್ದೆಲ್ಲಾ ನಮ್ಮ ಮಾತು. ಗುರುವಾರ ಕೊನೇಲಿ ಹೇಳಿದ್ಯಲ್ಲ, ಕಿಟಕಿ ತೆಗೆದಿತ್ತು, ಕೇಳಿಸ್ತು. ಅದೊಂದು ನಿಂದು. ಹಿಡಿ ಈ ಸೆರಗು, ಕಣ್ಣೊರೆಸ್ಕೋ. ಜನ ನೋಡ್ತಿದಾರೆ."

ನಿಜವಾದ ನಲವತ್ತೈದನೇ ಸಭೆ ಸೋಮವಾರ ಹತ್ತೂವರೆಗೆ ಆರಂಭವಾಯಿತು. ಬಾಗಿಲು ತೆರೆದೇ ಇರಬೇಕೆಂದು ಹೊಸ ಪ್ರತಿನಿಧಿ ಪಟ್ಟು ಹಿಡಿದಿದ್ದರಿಂದ ಪರೀಕ್ಷಾ ವಿಭಾಗದ ಬೆಂಚಿಗೆ ಎಲ್ಲವೂ ಕೇಳಿಸುತ್ತಿತ್ತು. ಬಿಚ್ಚಣ್ಣ ಒಂದು ಕೊಡೆಯನ್ನು ಅರ್ಧ ಬಿಚ್ಚಿ ಹಾಗೇ ಹಿಡಿದು ನಿಂತಿದ್ದ. ಮ್ಯಾನೇಜರು ಏನೋ ಪೀಠಿಕೆ ಹಾಕಲು ಹೊರಟರು. ಅಕ್ಕ ಅಷ್ಟರಲ್ಲಿ ಫ್ಯಾನಿಗೆ ಬಂದಿದ್ದಳು. ಫ್ಯಾನಿನಿಂದ ಕಿಟಕಿಗೆ, ಕಿಟಕಿಯಿಂದ ಅಂಟಿಗೆ, ಅಂಟಿನಿಂದ ಇಪ್ಪತ್ತು ವರ್ಷದಿಂದ ಕಾಲು ಮುರಿದಿರುವ ಹನ್ನೊಂದು ಸ್ಟೂಲುಗಳಿಗೆ ಬಂದಳು. ನಡುವೆ ಕೆಮ್ಮಿದಳು, ಕಾಯಿರಿ ಎಂದು ಕೈ ತೋರಿಸಿದಳು, ಎಲ್ಲರೂ ಕಾದರು, ಮತ್ತೆ ಶುರು ಮಾಡಿದಳು.

"ಅಕ್ಕಾ, ಸ್ವಲ್ಪ ನಿಧಾನ," ಎಂದು ಗುಮಾಸ್ತನ ದನಿ ಕೇಳಿಸಿತು. ಅವನು ಬೆರಳು ಕೊಡವಿಕೊಳ್ಳುತ್ತಿದ್ದ. "ಕೈ ಓಡ್ತಿಲ್ಲ. ನನಗೆ ಮಾತಾಡಿದ್ದನ್ನ ಬರೆದು ಅಭ್ಯಾಸ ಇಲ್ಲ."

"ಅಭ್ಯಾಸ ಆಗುತ್ತೆ," ಎಂದಳು ಅಕ್ಕ. "ಬರ್ಕೋ. ಎರಡನೇದು."